ಅಢಾವೆ ಪತ್ರಿಕೆಗೆ ಸಿಗದ ಆಸ್ತಿ: ಮೂರು ಪುಟ್ಟ ನಾಡುಗಳ ಮಹಿಳಾ ರಗ್ಬಿ ಕಲಿಸುವ ಲೆಕ್ಕ

ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡವನಿಗೆ ಕ್ರೀಡಾಂಗಣದಲ್ಲೇನು ಕೆಲಸವೆಂದು ಸದಸ್ಯ ಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮಗಳು ಉದ್ಯೋಗದ ನಿಮಿತ್ತ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ನೆಲೆಸಿರುವುದರಿಂದ, ಒಂದು ಚಳಿಗಾಲದಲ್ಲಿ ಅಲ್ಲಿ ಕೆಲವು ದಿನ ಕಳೆಯುವ ಅವಕಾಶ ನನಗೆ ಒದಗಿತು. ಅವಳ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಮಧ್ಯಾಹ್ನ ಹೈವ್ ಎಂಬ ಪುಟ್ಟ ಕ್ರೀಡಾಂಗಣದಲ್ಲಿ ಮಹಿಳೆಯರ ರಗ್ಬಿ ಪಂದ್ಯವೊಂದನ್ನು ನೋಡಿದೆ. ಆಟದ ನಿಯಮಗಳು ನನಗೆ ಅರ್ಧ ಮಾತ್ರ ಅರ್ಥವಾದವು. ಆದರೆ ಆ ಕ್ರೀಡಾಂಗಣದ ಸ್ಥಾನ ಪೂರ್ತಿ ಅರ್ಥವಾಯಿತು. ಅದರ ಪಕ್ಕದಲ್ಲೇ 67,000ಕ್ಕೂ ಹೆಚ್ಚು ಜನರನ್ನು ಹಿಡಿಸುವ ಮರ್ರಿಫೀಲ್ಡ್ ಎಂಬ ಬೃಹತ್ ಕ್ರೀಡಾಂಗಣ ನಿಂತಿದೆ. ಚಿಕ್ಕದರಲ್ಲಿ ಆಡುತ್ತಿದ್ದ ಹೆಣ್ಣುಮಕ್ಕಳ ಕಣ್ಣೆದುರಿಗೇ ದೊಡ್ಡದು ಕಾಣುತ್ತಿತ್ತು.

ಪ್ರೇಕ್ಷಕರು ವಿರಳವಾಗಿದ್ದರು. ಟಿಕೆಟ್ ಹಣದಿಂದ ತಂಡದ ಪ್ರಯಾಣದ ಖರ್ಚೂ ಹುಟ್ಟಲಾರದೆಂದು ನನ್ನ ವೃತ್ತಿಬುದ್ಧಿ ತಕ್ಷಣ ಲೆಕ್ಕ ಹಾಕಿತು. ಹಾಗಾದರೆ ಈ ಪಂದ್ಯಾವಳಿಯನ್ನು ನಡೆಸುವವರು ಏಕೆ ನಡೆಸುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ದೊರೆತದ್ದು ನಮ್ಮ ವಾಣಿಜ್ಯೋದ್ಯಮಿಗಳೂ ಮನಗಾಣಬೇಕಾದ ಸಂಗತಿಯೆನಿಸಿತು. ಆದುದರಿಂದಲೇ ಈ ಬರಹ.

ಏನಿದು ಸೆಲ್ಟಿಕ್ ಚಾಲೆಂಜ್?

ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ರಗ್ಬಿ ಒಕ್ಕೂಟಗಳು ಒಟ್ಟುಗೂಡಿ ನಡೆಸುವ ಮಹಿಳಾ ಪಂದ್ಯಾವಳಿಯ ಹೆಸರು ಸೆಲ್ಟಿಕ್ ಚಾಲೆಂಜ್. ಈ ಮೂರೂ ನಾಡುಗಳ ಮೂಲ ಭಾಷೆಗಳು ಸೆಲ್ಟಿಕ್ ಕುಟುಂಬಕ್ಕೆ ಸೇರಿದವಾದ್ದರಿಂದ ಈ ಹೆಸರು. ಮೊದಲ ಆವೃತ್ತಿ 2023ರ ಆರಂಭದಲ್ಲಿ ಕೇವಲ ಮೂರು ತಂಡಗಳೊಂದಿಗೆ, ಅಂದರೆ ನಾಡಿಗೊಂದು ತಂಡದಂತೆ ನಡೆಯಿತು. ಐರ್ಲೆಂಡಿನ ಸಂಯುಕ್ತ ಪ್ರಾಂತಗಳ ತಂಡ ಆ ವರ್ಷ ಗೆದ್ದಿತು. 2023-24ರ ಋತುವಿನಿಂದ ತಂಡಗಳ ಸಂಖ್ಯೆ ಆರಕ್ಕೇರಿತು. ಐರ್ಲೆಂಡಿನಿಂದ ವುಲ್ಫ್‌ಹೌಂಡ್ಸ್ ಮತ್ತು ಕ್ಲೋವರ್ಸ್, ವೇಲ್ಸ್‌ನಿಂದ ಬ್ರಿಥಾನ್ ಥಂಡರ್ ಮತ್ತು ಗ್ವಾಲಿಯಾ ಲೈಟ್ನಿಂಗ್, ಸ್ಕಾಟ್ಲೆಂಡಿನಿಂದ ಎಡಿನ್‌ಬರೋ ಮತ್ತು ಗ್ಲಾಸ್ಗೋ ವಾರಿಯರ್ಸ್ ಕಣಕ್ಕಿಳಿದವು. 2023-24 ಮತ್ತು 2024-25ರಲ್ಲಿ ವುಲ್ಫ್‌ಹೌಂಡ್ಸ್ ತಂಡ ಪ್ರಶಸ್ತಿ ಗೆದ್ದಿತು.

ಪಂದ್ಯಗಳು ಚಳಿಗಾಲದಲ್ಲಿ ನಡೆಯುತ್ತವೆ. ಅದರ ಬೆನ್ನಿಗೇ ವಸಂತದಲ್ಲಿ ಸಿಕ್ಸ್ ನೇಷನ್ಸ್ ಎಂಬ ಪ್ರಮುಖ ಅಂತರರಾಷ್ಟ್ರೀಯ ಪಂದ್ಯಾವಳಿ ಬರುತ್ತದೆ. ಈ ಕಾಲನಿಗದಿ ಆಕಸ್ಮಿಕವಲ್ಲ. ರಾಷ್ಟ್ರೀಯ ತಂಡದ ತರಬೇತುದಾರರು ಆಟಗಾರ್ತಿಯರನ್ನು ಆರಿಸುವ ಮುನ್ನ ಅವರನ್ನು ಕಠಿಣ ಸ್ಪರ್ಧೆಯಲ್ಲಿ ನೋಡಬೇಕೆಂಬುದೇ ಇದರ ಉದ್ದೇಶ.

ಗಡಿ ದಾಟುವ ಪಂದ್ಯಾವಳಿಯೆಂಬ ಮಾತು ಇಲ್ಲಿ ಅಲಂಕಾರವಲ್ಲ. ಐರ್ಲೆಂಡಿನ ರಗ್ಬಿ ಒಕ್ಕೂಟವೇ ಎರಡು ರಾಜಕೀಯ ಆಡಳಿತಗಳ ನೆಲದಲ್ಲಿ ಹರಡಿದೆ. ಅಲ್ಸ್ಟರ್ ಪ್ರಾಂತದ ಒಂಬತ್ತು ಕೌಂಟಿಗಳಲ್ಲಿ ಆರು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿವೆ, ಮೂರು ಐರ್ಲೆಂಡ್ ಗಣರಾಜ್ಯದಲ್ಲಿವೆ. ಲೀನ್‌ಸ್ಟರ್ ಮತ್ತು ಅಲ್ಸ್ಟರ್‌ಗಳ ಆಟಗಾರ್ತಿಯರು ವುಲ್ಫ್‌ಹೌಂಡ್ಸ್‌ನಲ್ಲಿ, ಮನ್‌ಸ್ಟರ್ ಮತ್ತು ಕನಾಟ್‌ಗಳವರು ಕ್ಲೋವರ್ಸ್‌ನಲ್ಲಿ ಒಂದಾಗುತ್ತಾರೆ. ಒಂದು ಕಡೆ ಯೂರೋ, ಇನ್ನೊಂದು ಕಡೆ ಪೌಂಡ್. 2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೂ ಉಭಯ ದೇಶಗಳ ಪ್ರಜೆಗಳ ಪ್ರಯಾಣಕ್ಕೆ ವೀಸಾದ ತೊಡಕಿಲ್ಲ. ಆದರೆ ಎರಡು ನಾಣ್ಯಗಳು, ಎರಡು ತೆರಿಗೆ ವ್ಯವಸ್ಥೆಗಳು, ಮೂರು ಒಕ್ಕೂಟಗಳ ಮೂರು ಲೆಕ್ಕಪುಸ್ತಕಗಳು ಇರುವೆಡೆ ಒಂದೇ ಪಂದ್ಯಾವಳಿ ನಡೆಸುವುದು ಎಷ್ಟು ತ್ರಾಸದ ಕೆಲಸವೆಂದು ನಮ್ಮ ಆಮದು-ರಫ್ತು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಮುರಿದ ಮೆಟ್ಟಿಲು

ಈ ತ್ರಾಸವನ್ನು ಅವರು ಮೈಮೇಲೆ ಎಳೆದುಕೊಂಡದ್ದೇಕೆ? ಕಾರಣ ಸರಳ. ಹಳ್ಳಿ-ಪಟ್ಟಣಗಳ ಕ್ಲಬ್ ಆಟಕ್ಕೂ ಅಂತರರಾಷ್ಟ್ರೀಯ ಆಟಕ್ಕೂ ನಡುವೆ ಇರಬೇಕಾದ ಮೆಟ್ಟಿಲು ಈ ನಾಡುಗಳಲ್ಲಿ ಮುರಿದಿತ್ತು.

ನೆರೆಯ ಇಂಗ್ಲೆಂಡಿನ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ಮಹಿಳೆಯರ ಉನ್ನತ ಮಟ್ಟದ ಕ್ಲಬ್ ಲೀಗ್ 2017ರಲ್ಲಿ ಹೊಸ ರೂಪ ಪಡೆಯಿತು. 2019ರ ಜನವರಿಯಲ್ಲಿ ಇಂಗ್ಲೆಂಡ್ ಒಕ್ಕೂಟವು 28 ಆಟಗಾರ್ತಿಯರಿಗೆ ಪೂರ್ಣಾವಧಿ ವೇತನದ ಗುತ್ತಿಗೆ ನೀಡಿತು. ಫಲ ಎಲ್ಲರೂ ಕಂಡದ್ದೇ. 2019ರಿಂದ 2025ರವರೆಗೆ ಸತತ ಏಳು ವರ್ಷ ಸಿಕ್ಸ್ ನೇಷನ್ಸ್ ಪ್ರಶಸ್ತಿ ಇಂಗ್ಲೆಂಡಿನ ಪಾಲಾಯಿತು. ಇತ್ತ ಐರ್ಲೆಂಡ್ 2021ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಪಾರ್ಮಾದಲ್ಲಿ ಸ್ಕಾಟ್ಲೆಂಡಿಗೆ 18-20ರಿಂದ ಸೋತು ವಿಶ್ವಕಪ್‌ನ ಅರ್ಹತೆಯನ್ನೇ ಕಳೆದುಕೊಂಡಿತು. 2022ರಲ್ಲಿ ಮೂರೂ ಸೆಲ್ಟಿಕ್ ಒಕ್ಕೂಟಗಳು ತಮ್ಮ ಆಟಗಾರ್ತಿಯರಿಗೆ ವೇತನದ ಗುತ್ತಿಗೆ ನೀಡಲು ಮುಂದಾದವು. ವೇಲ್ಸ್ ಆ ವರ್ಷದ ಜನವರಿಯಲ್ಲಿ 12 ಮಂದಿಗೆ ಪೂರ್ಣಾವಧಿ ಗುತ್ತಿಗೆ ನೀಡಿ ಆರಂಭ ಮಾಡಿತು.

ಆದರೆ ವೇತನ ಕೊಟ್ಟ ಮಾತ್ರಕ್ಕೆ ಆಟ ಬರುವುದಿಲ್ಲ. ವಾರವಿಡೀ ವ್ಯಾಯಾಮ ಮಾಡಿ, ಭಾನುವಾರ ತನಗಿಂತ ತೀರಾ ದುರ್ಬಲರಾದವರೊಡನೆ ಆಡಿದರೆ ಆಟಗಾರ್ತಿ ಬೆಳೆಯುವುದಿಲ್ಲ. ಯಂತ್ರ ಕೊಂಡು ತಂದು ಕೆಲಸದ ಆರ್ಡರ್ ಇಲ್ಲದೆ ನಿಲ್ಲಿಸಿದಂತೆ ಅದು. ಬಡ್ಡಿ ಓಡುತ್ತದೆ, ಉತ್ಪಾದನೆ ಇಲ್ಲ. ಹೀಗಾಗಿ ಗುತ್ತಿಗೆ ಪಡೆದ ಕೆಲವರಿಗೂ, ಅವರ ಹಿಂದೆ ಸಾಲುಗಟ್ಟಿದ 18-22ರ ಹರೆಯದ ಹಲವರಿಗೂ ನಿಜವಾದ ಸ್ಪರ್ಧೆ ಬೇಕಾಗಿತ್ತು.

ಒಬ್ಬರಿಂದಾಗದ್ದು ಮೂವರಿಂದ

ಈ ಸ್ಪರ್ಧೆಯನ್ನು ಪ್ರತಿಯೊಂದು ನಾಡೂ ತನ್ನೊಳಗೇ ಏಕೆ ಏರ್ಪಡಿಸಬಾರದಿತ್ತು? ಜನಸಂಖ್ಯೆಯನ್ನು ನೋಡಿ. ಇತ್ತೀಚಿನ ಜನಗಣತಿಗಳ ಪ್ರಕಾರ ವೇಲ್ಸ್‌ನಲ್ಲಿ ಸುಮಾರು 31 ಲಕ್ಷ, ಸ್ಕಾಟ್ಲೆಂಡಿನಲ್ಲಿ ಸುಮಾರು 54 ಲಕ್ಷ, ಐರ್ಲೆಂಡ್ ದ್ವೀಪದಲ್ಲಿ ಉತ್ತರ-ದಕ್ಷಿಣ ಸೇರಿ ಸುಮಾರು 70 ಲಕ್ಷ ಜನರಿದ್ದಾರೆ. ಮೂರನ್ನೂ ಕೂಡಿಸಿದರೆ ಒಂದೂವರೆ ಕೋಟಿಗಿಂತ ತುಸು ಹೆಚ್ಚು. 2011ರ ಜನಗಣತಿಯಲ್ಲಿ ನಮ್ಮ ಕರ್ನಾಟಕದ ಜನಸಂಖ್ಯೆಯೇ 6.1 ಕೋಟಿ. ಇಂಗ್ಲೆಂಡಿನದು 5.6 ಕೋಟಿಯಷ್ಟು. ಅಂದರೆ ಮೂರು ನಾಡುಗಳು ಒಂದಾದರೂ ಇಂಗ್ಲೆಂಡಿನ ಮೂರನೆಯ ಒಂದು ಭಾಗವೂ ಆಗುವುದಿಲ್ಲ.

ಇಷ್ಟು ಚಿಕ್ಕ ನಾಡು ಉನ್ನತ ಮಟ್ಟದ ಆರು ತಂಡಗಳನ್ನು ಒಂಟಿಯಾಗಿ ಕಟ್ಟಲಾರದು. ಎರಡನ್ನು ಕಟ್ಟಬಲ್ಲದು. ಆದರೆ ಎರಡೇ ತಂಡಗಳಿದ್ದರೆ ಅದು ಪಂದ್ಯಾವಳಿಯಾಗದು, ಅಭ್ಯಾಸ ಪಂದ್ಯವಾದೀತಷ್ಟೆ. ಮೂವರ ಎರಡೆರಡು ಸೇರಿದಾಗ ಆರಾಯಿತು, ಆರು ಸೇರಿದಾಗ ಸ್ಪರ್ಧೆ ಹುಟ್ಟಿತು. ಪ್ರತಿಯೊಬ್ಬರೂ ಎರಡು ತಂಡಗಳ ಖರ್ಚು ಹೊತ್ತು ಆರು ತಂಡಗಳ ಪಂದ್ಯಾವಳಿಯ ಫಲವನ್ನು ಪಡೆಯುತ್ತಾರೆ. ಸಹಕಾರ ತತ್ವದ ಅರ್ಥಶಾಸ್ತ್ರವನ್ನು ಇದಕ್ಕಿಂತ ಸುಲಭವಾಗಿ ವಿವರಿಸಲು ನನಗೆ ತಿಳಿಯದು. ವಿಶ್ವ ರಗ್ಬಿ ಸಂಸ್ಥೆಯು ಈ ಪಂದ್ಯಾವಳಿಗೆ ಧನಸಹಾಯ ನೀಡಿ ಬೀಜ ಬಿತ್ತಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಇದರಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಈ ಮೂವರು ಪರಸ್ಪರ ಪ್ರತಿಸ್ಪರ್ಧಿಗಳು. ಚಳಿಗಾಲದಲ್ಲಿ ಒಬ್ಬರ ಆಟಗಾರ್ತಿಯನ್ನು ಮತ್ತೊಬ್ಬರು ಪಳಗಿಸುತ್ತಾರೆ, ವಸಂತದಲ್ಲಿ ಅದೇ ಆಟಗಾರ್ತಿಯ ಕೈಯಲ್ಲಿ ಸೋಲುತ್ತಾರೆ. ಇದು ತಿಳಿದೂ ಒಂದಾಗಿದ್ದಾರೆ. ಏಕೆಂದರೆ ಒಂದಾಗದಿದ್ದರೆ ಮೂವರೂ ಇಂಗ್ಲೆಂಡ್, ಫ್ರಾನ್ಸ್‌ಗಳ ಎದುರು ಸೋಲುತ್ತಲೇ ಇರಬೇಕಾಗುತ್ತದೆಂಬುದೂ ಅವರಿಗೆ ತಿಳಿದಿದೆ.

ಕೊಂಡದ್ದು ಆಸ್ತಿ, ಬೆಳೆಸಿದ್ದು ಖರ್ಚು

ಈಗ ನನ್ನ ವೃತ್ತಿಯ ಮಾತಿಗೆ ಬರುತ್ತೇನೆ. ಲೆಕ್ಕಪತ್ರ ಶಾಸ್ತ್ರದಲ್ಲಿ ಒಂದು ವಿಚಿತ್ರ ನಿಯಮವಿದೆ. ಯುರೋಪಿನ ಫುಟ್‌ಬಾಲ್ ಕ್ಲಬ್ಬೊಂದು ಇನ್ನೊಂದು ಕ್ಲಬ್ಬಿಗೆ ಹಣ ತೆತ್ತು ಆಟಗಾರನನ್ನು ಕೊಂಡರೆ, ಆ ಮೊತ್ತವು ಅಮೂರ್ತ ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ಕುಳಿತುಕೊಳ್ಳುತ್ತದೆ. ಗುತ್ತಿಗೆಯ ಅವಧಿಯುದ್ದಕ್ಕೂ ವರ್ಷ ವರ್ಷವೂ ಅದನ್ನು ಸವಕಳಿಯಂತೆ ತೊಡೆಯುತ್ತ ಹೋಗುತ್ತಾರೆ. ಅದೇ ಕ್ಲಬ್ಬು ಹತ್ತು ವರ್ಷದ ಬಾಲಕನನ್ನು ತನ್ನ ಶಾಲೆಯಲ್ಲಿ ಸಾಕಿ, ಪಳಗಿಸಿ, ಇಪ್ಪತ್ತರ ವಯಸ್ಸಿಗೆ ಅಪ್ರತಿಮ ಆಟಗಾರನನ್ನಾಗಿ ಮಾಡಿದರೆ ಅವನ ಮೌಲ್ಯ ಅಢಾವೆ ಪತ್ರಿಕೆಯಲ್ಲಿ ಸೊನ್ನೆ. ಅವನ ಮೇಲೆ ಮಾಡಿದ ವೆಚ್ಚವೆಲ್ಲ ಆಯಾ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಖರ್ಚಾಗಿ ಮುಗಿದುಹೋಗಿರುತ್ತದೆ.

ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26 ಸಹ ಇದನ್ನೇ ಹೇಳುತ್ತದೆ. ತರಬೇತಿಯ ವೆಚ್ಚವನ್ನು ಮಾಡಿದ ವರ್ಷದಲ್ಲೇ ಖರ್ಚೆಂದು ಬರೆಯತಕ್ಕದ್ದು. ನುರಿತ ಸಿಬ್ಬಂದಿಯ ಮೇಲೆ ಸಂಸ್ಥೆಗೆ ಸಾಕಷ್ಟು ನಿಯಂತ್ರಣವಿಲ್ಲದ ಕಾರಣ ಅವರನ್ನು ಸಾಮಾನ್ಯವಾಗಿ ಆಸ್ತಿಯೆಂದು ತೋರಿಸುವಂತಿಲ್ಲ. ನಿಯಮ ತಪ್ಪೆಂದು ನಾನು ಹೇಳಲಾರೆ. ಮನುಷ್ಯ ಯಂತ್ರವಲ್ಲ, ನಾಳೆ ಎದ್ದು ಬೇರೆಡೆಗೆ ಹೋಗಬಹುದು. ಹೋಗುವ ಸ್ವಾತಂತ್ರ್ಯ ಇರಲೂಬೇಕು. ಎಚ್ಚರಿಕೆಯ ತತ್ವವನ್ನು ಕೈಬಿಟ್ಟರೆ ಲೆಕ್ಕಪತ್ರಗಳ ಮೇಲೆ ಯಾರಿಗೂ ನಂಬಿಕೆ ಉಳಿಯದು.

ಆದರೆ ನಿಯಮದ ಪರಿಣಾಮವೇನಾಯಿತು? ಅಢಾವೆ ಪತ್ರಿಕೆಯನ್ನಷ್ಟೇ ನೋಡಿ ತೀರ್ಮಾನ ಮಾಡುವವನಿಗೆ ಬೆಳೆಸುವುದು ನಷ್ಟವೆಂದೂ ಕೊಳ್ಳುವುದು ಹೂಡಿಕೆಯೆಂದೂ ಕಾಣತೊಡಗಿತು. ಬಿಗಿಯಾದ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ತರಬೇತಿಯ ಬಾಬಿಗೆ. ಮೂವತ್ತು ವರ್ಷಗಳಿಂದ ನಾನೇ ಎಷ್ಟೋ ಕಕ್ಷಿದಾರರಿಗೆ "ಈ ಬಾಬನ್ನು ಈ ವರ್ಷ ಕಡಿಮೆ ಮಾಡಬಹುದಲ್ಲ" ಎಂದು ಸಲಹೆ ನೀಡಿದ್ದೇನೆ. ಆ ಸಲಹೆಗಳಲ್ಲಿ ಕೆಲವು ತಪ್ಪಾಗಿದ್ದವೆಂದು ಒಪ್ಪಿಕೊಳ್ಳುವಷ್ಟು ವಯಸ್ಸು ಈಗ ನನಗಾಗಿದೆ.

ರಗ್ಬಿಯ ರಾಷ್ಟ್ರೀಯ ತಂಡಕ್ಕೆ ಇನ್ನೂ ಒಂದು ಕಟ್ಟುಪಾಡಿದೆ. ದೇಶದ ತಂಡವು ಮಾರುಕಟ್ಟೆಗೆ ಹೋಗಿ ಆಟಗಾರ್ತಿಯರನ್ನು ಕೊಂಡು ತರುವಂತಿಲ್ಲ. ಹುಟ್ಟು, ವಂಶ, ವಾಸಗಳ ಆಧಾರದ ಮೇಲೆ ಅರ್ಹರಾದವರನ್ನೇ ಆಡಿಸಬೇಕು. ಕೊಳ್ಳುವ ದಾರಿ ಮುಚ್ಚಿದ್ದರಿಂದಲೇ ಈ ಮೂರು ಒಕ್ಕೂಟಗಳು ಬೆಳೆಸುವ ದಾರಿಯನ್ನು ಗಂಭೀರವಾಗಿ ಹಿಡಿಯಬೇಕಾಯಿತು.

ಫಲಿತಾಂಶದ ತನಿಖೆ

ಬೆಳೆ ಬಂದಿತೇ? ಇಲ್ಲಿ ಲೆಕ್ಕಪರಿಶೋಧಕನ ಅನುಮಾನವನ್ನು ಬಿಡದೆಯೇ ನೋಡೋಣ.

ಐರ್ಲೆಂಡ್ 2023ರ ಸಿಕ್ಸ್ ನೇಷನ್ಸ್‌ನಲ್ಲಿ ಆಡಿದ ಐದೂ ಪಂದ್ಯಗಳನ್ನು ಸೋತು ಕಡೆಯ ಸ್ಥಾನಕ್ಕಿಳಿದಿತ್ತು. 2024ರಲ್ಲಿ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡಿಗೆ 10-88ರಿಂದ ಸೋತಿತು. ಆದರೂ ಮುಂದಿನ ವಾರವೇ ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡನ್ನು 15-12ರಿಂದ ಸೋಲಿಸಿ ಮೂರನೆಯ ಸ್ಥಾನವನ್ನೂ ವಿಶ್ವಕಪ್ ಅರ್ಹತೆಯನ್ನೂ ಗಳಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಆಗಿನ ವಿಶ್ವ ಚಾಂಪಿಯನ್ ನ್ಯೂಜಿಲೆಂಡನ್ನು 29-27ರಿಂದ ಮಣಿಸಿತು. 2025ರ ವಿಶ್ವಕಪ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿ ಫ್ರಾನ್ಸ್‌ಗೆ ಕೇವಲ 13-18ರಿಂದ ಶರಣಾಯಿತು. ಸ್ಕಾಟ್ಲೆಂಡ್ ಕೂಡ ಕ್ವಾರ್ಟರ್ ಫೈನಲ್ ತಲುಪಿತು.

ಆದರೆ ವೇಲ್ಸ್? ಅದೇ ಪಂದ್ಯಾವಳಿ, ಅದೇ ಎರಡು ತಂಡಗಳು. ಆದರೂ 2024 ಮತ್ತು 2025ರ ಸಿಕ್ಸ್ ನೇಷನ್ಸ್‌ನಲ್ಲಿ ಕಡೆಯ ಸ್ಥಾನ. 2025ರ ವಿಶ್ವಕಪ್‌ನಲ್ಲಿ ಆಡಿದ ಮೂರೂ ಗುಂಪು ಪಂದ್ಯಗಳಲ್ಲಿ ಸೋಲು. 2024ರಲ್ಲಿ ಆಟಗಾರ್ತಿಯರೊಡನೆ ಗುತ್ತಿಗೆಯ ಮಾತುಕತೆಯನ್ನು ನಡೆಸಿದ ರೀತಿಗಾಗಿ ಅಲ್ಲಿನ ಒಕ್ಕೂಟವು ಬಹಿರಂಗವಾಗಿ ಕ್ಷಮೆ ಕೋರಬೇಕಾಯಿತು.

ಇದರಿಂದ ಹೊರಡುವ ನಿರ್ಣಯವೇನು? ಸೆಲ್ಟಿಕ್ ಚಾಲೆಂಜ್ ಒಂದರಿಂದಲೇ ಐರ್ಲೆಂಡ್ ಮೇಲೆದ್ದಿತೆಂದು ಪ್ರಮಾಣಪತ್ರ ಬರೆಯಲು ನಾನು ಸಿದ್ಧನಿಲ್ಲ. ಹೊಸ ತರಬೇತುದಾರರು ಬಂದಿದ್ದರು, ಏಳು ಆಟಗಾರ್ತಿಯರ ಕಿರು ರಗ್ಬಿಯಿಂದ ಪ್ರತಿಭೆಗಳು ಬಂದು ಸೇರಿದ್ದವು, ವೇತನವೂ ಬಂದಿತ್ತು. ಹಾಗೆಯೇ ವೇಲ್ಸ್‌ನ ಸೋಲಿಗೆ ಈ ಪಂದ್ಯಾವಳಿಯನ್ನು ದೂರುವುದೂ ಅನ್ಯಾಯ. ಮೆಟ್ಟಿಲು ಕಟ್ಟಿದರೆ ಹತ್ತಲು ಅನುಕೂಲ. ಹತ್ತುವವರನ್ನು ಗೌರವದಿಂದ ನಡೆಸಿಕೊಳ್ಳದಿದ್ದರೆ ಮೆಟ್ಟಿಲೊಂದೇ ಸಾಲದು. ಇಷ್ಟು ಮಾತ್ರ ದೃಢವಾಗಿ ಹೇಳಬಹುದು.

ಮೂರು ಆಕ್ಷೇಪಣೆಗಳು

ಇಂಥ ವೆಚ್ಚದ ವಿರುದ್ಧ ಮೂರು ವಾದಗಳು ಕೇಳಿಬರುವುದು ಸಹಜ. ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: ಬೆಳೆಸಿದ ಆಟಗಾರ್ತಿಯರು ಇಂಗ್ಲೆಂಡಿನ ಕ್ಲಬ್‌ಗಳಿಗೆ ಹೋಗುತ್ತಾರೆ, ಖರ್ಚು ನಮ್ಮದು, ಲಾಭ ಅವರದು. ಹೋಗುತ್ತಾರೆಂಬುದು ನಿಜ. ವೇಲ್ಸ್ ತಂಡದ ನಾಯಕತ್ವ ವಹಿಸಿದ್ದ ಹನ್ನಾ ಜೋನ್ಸ್ ಆಡಿದ್ದು ಇಂಗ್ಲೆಂಡಿನ ಗ್ಲಾಸ್ಟರ್-ಹಾರ್ಟ್‌ಪುರಿ ಕ್ಲಬ್ಬಿನಲ್ಲಿ. ಆದರೆ ಅಂತರರಾಷ್ಟ್ರೀಯ ಪಂದ್ಯ ಬಂದಾಗ ಅವರು ತಮ್ಮ ನಾಡಿನ ಅಂಗಿಯನ್ನೇ ತೊಡುತ್ತಾರೆ. ವಾರದ ಸ್ಪರ್ಧೆಯ ಖರ್ಚನ್ನು ಇಂಗ್ಲೆಂಡಿನ ಕ್ಲಬ್ಬು ಹೊರುತ್ತದೆ, ಖಾಲಿಯಾದ ಸ್ಥಾನದಲ್ಲಿ ಹತ್ತೊಂಬತ್ತರ ಇನ್ನೊಬ್ಬ ಹುಡುಗಿಗೆ ಅವಕಾಶ ಸಿಗುತ್ತದೆ. ಇದನ್ನು ಸಂಪೂರ್ಣ ನಷ್ಟವೆಂದು ಬರೆಯಲಾಗದು.

ಎರಡನೆಯದು: ಧನಸಹಾಯ ನಿಂತರೆ ಏನು ಗತಿ? ಈ ಆಕ್ಷೇಪಣೆಗೆ ನಿಜವಾದ ತೂಕವಿದೆ. ಅನುದಾನದಿಂದ ಆರಂಭವಾದ ಯೋಜನೆಯನ್ನು ಅನುದಾನದಲ್ಲೇ ಮುಂದುವರಿಸಬಹುದೆಂದು ನಂಬುವುದು ಅವಿವೇಕ. ಒಕ್ಕೂಟಗಳ ಆದಾಯದ ಬಹುಪಾಲು ಬರುವುದು ಪುರುಷರ ಅಂತರರಾಷ್ಟ್ರೀಯ ಪಂದ್ಯಗಳಿಂದ. ಅದು ಕುಗ್ಗಿದ ವರ್ಷದಲ್ಲಿ ಮಹಿಳೆಯರ ಮಧ್ಯದ ಮೆಟ್ಟಿಲೇ ಮೊದಲು ಅಲುಗಾಡುತ್ತದೆ. ಮೂವರಲ್ಲಿ ಒಬ್ಬರು ಹಿಂದೆ ಸರಿದರೆ ಉಳಿದ ಇಬ್ಬರ ಪಂದ್ಯಾವಳಿಯೂ ಕುಸಿಯುತ್ತದೆ. ಪಾಲುದಾರಿಕೆಯ ಶಕ್ತಿ ಮತ್ತು ದೌರ್ಬಲ್ಯ ಎರಡೂ ಇದೇ. ಆದುದರಿಂದ ಇಂಥ ಒಡಂಬಡಿಕೆ ವರ್ಷದಿಂದ ವರ್ಷಕ್ಕೆ ನವೀಕರಿಸುವಂಥದಾಗಿರಬಾರದು. ಕನಿಷ್ಠ ಒಂದು ವಿಶ್ವಕಪ್‌ನಿಂದ ಮತ್ತೊಂದು ವಿಶ್ವಕಪ್‌ವರೆಗೆ, ಅಂದರೆ ನಾಲ್ಕು ವರ್ಷಗಳಿಗೆ ಮೂವರೂ ಬದ್ಧರಾಗಿರಬೇಕು, ಮಧ್ಯದಲ್ಲಿ ಹೊರಹೋಗುವವರು ತೆರಬೇಕಾದ ಹೊಣೆಯೂ ಕಾಗದದ ಮೇಲಿರಬೇಕೆಂಬುದು ನನ್ನ ಅಭಿಮತ.

ಮೂರನೆಯದು: ನೋಡಲು ಜನರೇ ಇಲ್ಲವಲ್ಲ? ಹೈವ್ ಕ್ರೀಡಾಂಗಣದಲ್ಲಿ ನನಗೂ ಹಾಗೇ ಅನಿಸಿತ್ತು. ಆದರೆ 2025ರ ಸೆಪ್ಟೆಂಬರ್ 27ರಂದು ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿದ ವಿಶ್ವಕಪ್ ಫೈನಲ್ಲಿಗೆ ಬಂದವರು 81,885 ಮಂದಿ. ಆ ದಿನದ ಜನಸಂದಣಿಗೆ ಅಡಿಪಾಯ ಹಾಕಿದ್ದು ಹಿಂದಿನ ವರ್ಷಗಳ ಸಣ್ಣ ಮೈದಾನಗಳ ಆಟ. ಬಿತ್ತನೆಯ ಹೊಲದಲ್ಲಿ ನಿಂತು ಸುಗ್ಗಿಯ ಲೆಕ್ಕ ಕೇಳಬಾರದು.

ನಮ್ಮ ಕ್ರಿಕೆಟ್ ಬೇರೆ, ಉಳಿದ ಆಟಗಳು ಬೇರೆ

ನಮ್ಮಲ್ಲೂ ಮಹಿಳಾ ಪ್ರೀಮಿಯರ್ ಲೀಗ್ ಇದೆಯಲ್ಲವೆಂದು ಓದುಗರು ಹೇಳಬಹುದು. ಇದೆ, ಅದು ಹೆಮ್ಮೆಯ ವಿಷಯವೂ ಹೌದು. 2023ರ ಜನವರಿಯಲ್ಲಿ ಅದರ ಐದು ತಂಡಗಳು ಒಟ್ಟು 4,669.99 ಕೋಟಿ ರೂಪಾಯಿಗಳಿಗೆ ಮಾರಾಟವಾದವು. ಐದು ವರ್ಷಗಳ ಪ್ರಸಾರ ಹಕ್ಕು 951 ಕೋಟಿಗೆ ಹೋಯಿತು. ಅದೇ ಲೀಗಿನಲ್ಲಿ ಬೆಂಗಳೂರು ತಂಡಕ್ಕೆ ಆಡಿದ ನಮ್ಮ ಶ್ರೇಯಾಂಕಾ ಪಾಟೀಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತ ತಂಡಕ್ಕೆ ಕಾಲಿಟ್ಟರು. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಏಕದಿನ ವಿಶ್ವಕಪ್ ಗೆದ್ದರು.

ಆದರೆ ಕ್ರಿಕೆಟ್ಟಿಗೆ ಮಾರುಕಟ್ಟೆ ಸಿದ್ಧವಿತ್ತು. ಅದು ನೀರಾವರಿಯ ಗದ್ದೆ. ಉಳಿದ ಆಟಗಳದು ಮಳೆಯಾಶ್ರಿತ ಹೊಲ. ಹರಾಜು ಕೂಗಲು ಯಾರೂ ಬಾರದ ಆಟಗಳಲ್ಲೂ ಪ್ರತಿಭೆಯಿದೆ. ಭಾರತದ ಮಹಿಳಾ ರಗ್ಬಿ ತಂಡವು ಹದಿನೈದು ಮಂದಿಯ ಪೂರ್ಣ ಪ್ರಮಾಣದ ಆಟಕ್ಕೆ ಇಳಿದದ್ದು 2018ರಲ್ಲಿ. ಮರುವರ್ಷವೇ ಮನಿಲಾದಲ್ಲಿ ಸಿಂಗಪುರವನ್ನು 21-19ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. ಇಂಥ ಆಟಗಳಿಗೆ ಪಾಠ ದೊರೆಯುವುದು ಮಹಿಳಾ ಪ್ರೀಮಿಯರ್ ಲೀಗಿನಿಂದಲ್ಲ, ಸೆಲ್ಟಿಕ್ ಚಾಲೆಂಜ್‌ನಿಂದ.

ನಾವು ಮಾಡಬಹುದಾದದ್ದು

ಮಾತು ಇಲ್ಲಿಗೇ ನಿಂತರೆ ಉಪದೇಶವಾಗುತ್ತದೆ. ಆದ್ದರಿಂದ ಕಾನೂನಿನ ಚೌಕಟ್ಟಿನೊಳಗೆ ಸಾಧ್ಯವಿರುವುದನ್ನು ಹೇಳುತ್ತೇನೆ.

ಕಂಪನಿಗಳ ಅಧಿನಿಯಮ 2013ರ 135ನೆಯ ಪ್ರಕರಣದಂತೆ ಅರ್ಹ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಏಳು ಮಂದಿಯ ರಗ್ಬಿ 2016ರಿಂದ ಒಲಿಂಪಿಕ್ ಕ್ರೀಡೆ. ನಿಯಮಗಳ ಇನ್ನು ಮೂರು ಅಂಶಗಳನ್ನು ನಮ್ಮ ಸದಸ್ಯರು ಅಷ್ಟಾಗಿ ಬಳಸಿಕೊಂಡಂತೆ ಕಾಣುವುದಿಲ್ಲ.

ಒಂದು, ಹಲವು ಕಂಪನಿಗಳು ಕೂಡಿ ಒಂದೇ ಯೋಜನೆಯನ್ನು ಕೈಗೊಳ್ಳಬಹುದು. ಪ್ರತಿಯೊಂದೂ ತನ್ನ ಪಾಲನ್ನು ಪ್ರತ್ಯೇಕವಾಗಿ ವರದಿ ಮಾಡುವಂತಿದ್ದರೆ ಸಾಕು. ಎರಡು, ಯೋಜನೆಯನ್ನು ಮುಂದುವರಿಯುವ ಯೋಜನೆಯೆಂದು ಅಂಗೀಕರಿಸಿದರೆ, ಆರಂಭದ ಹಣಕಾಸು ವರ್ಷವನ್ನು ಬಿಟ್ಟು ಮತ್ತೆ ಮೂರು ವರ್ಷಗಳವರೆಗೆ ನಡೆಸಬಹುದು. ಮೂರು, ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಭಾರತದ ಹೊರಗೆ ವೆಚ್ಚ ಮಾಡುವಂತಿಲ್ಲವೆಂಬ ನಿಯಮಕ್ಕೆ 2021ರ ತಿದ್ದುಪಡಿ ಒಂದೇ ಒಂದು ವಿನಾಯಿತಿ ನೀಡಿದೆ. ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನು ಅಥವಾ ಅಂತರರಾಷ್ಟ್ರೀಯ ಮಟ್ಟದಲ್ಲಿ ಭಾರತವನ್ನು ಪ್ರತಿನಿಧಿಸುವ ಕ್ರೀಡಾಳುಗಳ ತರಬೇತಿಯೇ ಆ ವಿನಾಯಿತಿ. ಗಡಿ ದಾಟಿ ಆಡುವುದರ ಅಗತ್ಯವನ್ನು ನಮ್ಮ ಕಾನೂನೂ ಮನಗಂಡಿದೆಯೆಂದಾಯಿತು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ತಮ್ಮ ಸರಕಿನ ಪ್ರಚಾರದ ಲಾಭಕ್ಕಾಗಿ ನೀಡುವ ಪ್ರಾಯೋಜಕತ್ವ ಈ ಬಾಬಿನಲ್ಲಿ ಸೇರುವುದಿಲ್ಲ.

ನಾಲ್ಕಾರು ಕಂಪನಿಗಳು ಕೂಡಿ, ನೆರೆಯ ರಾಜ್ಯಗಳ ವಾಣಿಜ್ಯ ಮಂಡಳಿಗಳ ಸದಸ್ಯರನ್ನೂ ಸೇರಿಸಿಕೊಂಡು, ಹಾಕಿ, ಕಬಡ್ಡಿ, ರಗ್ಬಿ ಯಾವುದೇ ಇರಲಿ, ಒಂದು ಆಟದಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜಿನ ತಂಡಕ್ಕೂ ದೇಶದ ತಂಡಕ್ಕೂ ನಡುವಿನ ಮೆಟ್ಟಿಲನ್ನು ಕಟ್ಟಬಹುದು. ಯೋಜನೆಯ ತಿರುಳು ತರಬೇತಿಯಾಗಿರಲಿ. ಪಂದ್ಯಗಳು ಆ ತರಬೇತಿಯ ಅಂಗವಾಗಿರಲಿ. ರಾಜ್ಯಕ್ಕೆ ಎರಡು ತಂಡ, ಮೂರು ರಾಜ್ಯ, ಆರು ತಂಡ. ಲೆಕ್ಕ ಅದೇ.

ಜೊತೆಗೆ ಒಂದು ಪೂರಕ ಪಟ್ಟಿಯನ್ನೂ ಇಡಬೇಕು. ಎಷ್ಟು ಮಂದಿ ಪಂದ್ಯಾವಳಿಗೆ ಬಂದರು, ಎಷ್ಟು ಮಂದಿ ರಾಷ್ಟ್ರೀಯ ಶಿಬಿರಕ್ಕೆ ಹೋದರು, ಎಷ್ಟು ಮಂದಿ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿದರು, ಒಬ್ಬೊಬ್ಬರಿಗೆ ಮೂರು ವರ್ಷಗಳ ಸರಾಸರಿಯಲ್ಲಿ ತಗುಲಿದ ವೆಚ್ಚವೆಷ್ಟು, ಎಷ್ಟು ಮಂದಿ ಆಟ ಬಿಟ್ಟರು, ಏಕೆ ಬಿಟ್ಟರು. ಅಢಾವೆ ಪತ್ರಿಕೆಯಲ್ಲಿ ಜಾಗವಿಲ್ಲದಿದ್ದರೂ ಪಕ್ಕದ ಹಾಳೆಯಲ್ಲಿ ಬರೆಯಲು ಯಾವ ಮಾನದಂಡವೂ ಅಡ್ಡಿ ಮಾಡುವುದಿಲ್ಲ. ಇದಕ್ಕೆ ಪೂರ್ವನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ತನ್ನ ವಾರ್ಷಿಕ ವರದಿಗಳಲ್ಲಿ ಹಲವು ವರ್ಷಗಳ ಕಾಲ ಸಿಬ್ಬಂದಿಯ ಮೌಲ್ಯವನ್ನು 1971ರ ಲೆವ್ ಮತ್ತು ಶ್ವಾರ್ಟ್ಜ್ ಮಾದರಿಯಂತೆ ಅಂದಾಜಿಸಿ ಪೂರಕ ಮಾಹಿತಿಯಾಗಿ ಪ್ರಕಟಿಸುತ್ತಿತ್ತು. ಆ ಅಂಕಿಗಳ ನಿಖರತೆಯ ಬಗ್ಗೆ ನಮ್ಮ ವೃತ್ತಿಯವರಲ್ಲಿ ಚರ್ಚೆಯಿದ್ದೇ ಇದೆ. ಆದರೆ ಕಾಣದ ಆಸ್ತಿಯನ್ನು ಕಾಣಿಸಲು ಮಾಡಿದ ಆ ಪ್ರಯತ್ನ ಅನುಕರಣೀಯ.

ಕೊನೆಯ ಮಾತು

ಯಂತ್ರದ ಬಿಡಿಭಾಗಗಳ ಕಾರ್ಖಾನೆ ನಡೆಸುವ ನನ್ನ ಕಕ್ಷಿದಾರರೊಬ್ಬರು ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಒಂದೇ ಅಳಲು ತೋಡಿಕೊಳ್ಳುತ್ತಾರೆ: "ನಾನು ಐಟಿಐ ಮುಗಿಸಿದ ಹುಡುಗರನ್ನು ಎರಡು ವರ್ಷ ಕಲಿಸಿ ತಯಾರು ಮಾಡ್ತೀನಿ ಸಾರ್, ದೊಡ್ಡ ಕಂಪನಿಯವರು ಕರಕೊಂಡು ಹೋಗ್ತಾರೆ." ಈ ವರ್ಷ ಅವರಿಗೆ ನಾನು ಸೆಲ್ಟಿಕ್ ಚಾಲೆಂಜ್‌ನ ಕಥೆ ಹೇಳಿದೆ. ಪಕ್ಕದ ಐದಾರು ಕಾರ್ಖಾನೆಯವರು ಸೇರಿ ಒಂದೇ ಕಲಿಕಾ ಕೇಂದ್ರ ಮಾಡಬಾರದೇಕೆಂದು ಕೇಳಿದೆ. ತಮ್ಮದೇ ಕೆಲಸಗಾರರ ತರಬೇತಿಗೆ ಸಾಮಾಜಿಕ ಹೊಣೆಗಾರಿಕೆಯ ಬಾಬಿನಲ್ಲಿ ಅವಕಾಶವಿಲ್ಲ, ಸ್ವಂತ ಖರ್ಚಿನಲ್ಲೇ ಮಾಡಬೇಕೆಂಬುದನ್ನೂ ತಿಳಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಅವರೆಲ್ಲ ನನ್ನ ಎದುರಾಳಿಗಳಲ್ಲವೇ ಸಾರ್?" ಎಂದರು. ಸ್ಕಾಟ್ಲೆಂಡಿಗೆ ಐರ್ಲೆಂಡ್ ಕೂಡ ಎದುರಾಳಿಯೇ ಎಂದೆ. ಯೋಚಿಸಿ ಹೇಳುವುದಾಗಿ ಹೇಳಿ ಹೋಗಿದ್ದಾರೆ.

ಆ ಚಳಿಯ ಮಧ್ಯಾಹ್ನ ಮೈದಾನದಲ್ಲಿ ಕೆಸರು ಮೆತ್ತಿಕೊಂಡು ಏಳುತ್ತಿದ್ದ ಹುಡುಗಿಯರಲ್ಲಿ ಯಾರು ನಾಳೆ ಪಕ್ಕದ ದೊಡ್ಡ ಕ್ರೀಡಾಂಗಣಕ್ಕೆ ಹೋಗುವರೆಂದು ನನಗೆ ತಿಳಿಯದು. ಅವರನ್ನು ಅಲ್ಲಿಗೆ ಕಳುಹಿಸಲು ಮಾಡಿದ ವೆಚ್ಚವು ಆಯಾ ವರ್ಷದ ಖರ್ಚಿನ ಬಾಬಿನಲ್ಲೇ ಮುಗಿದುಹೋಗಿರುತ್ತದೆ. ಲೆಕ್ಕಪರಿಶೋಧಕನಾಗಿ ಅದಕ್ಕೆ ನನ್ನ ಸಹಿಯೂ ಬೀಳುತ್ತದೆ. ಆದರೆ ಸಹಿ ಹಾಕಿದ ಮೇಲೆ ಆ ಖರ್ಚನ್ನು ಕಡಿಮೆ ಮಾಡಿರೆಂದು ಸಲಹೆ ನೀಡುವ ಮುನ್ನ ಇನ್ನು ಮುಂದೆ ಎರಡು ಬಾರಿ ಯೋಚಿಸುತ್ತೇನೆ. ಸದಸ್ಯ ಬಂಧುಗಳೂ ಯೋಚಿಸಲೆಂದು ವಿನಂತಿ.